‘ವುಮನ್ ಆಫ್ ದಿ ಇಯರ್’ ಚಿತ್ರದಲ್ಲಿ ಹಾಸ್ಯದ ಔಚಿತ್ಯ

೧

ಹಾಸ್ಯವು ಲಘುವಾದ ರಸವೆಂಬ ಭಾವನೆ ವಿದ್ವಾಂಸರಲ್ಲಿಯೂ ಬಹುಕಾಲದಿಂದ ನೆಲೆಸಿದೆ. ಕರುಣಕ್ಕೂ ವೀರಕ್ಕೂ ಸಂದಿರುವ ವಿಚಾರಗೌರವ ಅದಕ್ಕೆ ಸಂದಿಲ್ಲ. ಚಲಚ್ಚಿತ್ರದ ಹಾಸ್ಯಕ್ಕಂತೂ ಆ ಗೌರವ ಇನ್ನೂ ದುರ್ಲಭ. ಆದರೆ ನಗೆಯಲ್ಲಿ ಯಾವಾಗಲೂ ಒಂದು ತೀರ್ಪು ಅಡಗಿರುತ್ತದೆ. ಯಾರನ್ನು ಕುರಿತು ನಗಬೇಕು, ಯಾವ ದೋಷಕ್ಕಾಗಿ ನಗಬೇಕು ಎಂಬುದನ್ನು ಕೃತಿಕಾರನು ಗೊತ್ತುಮಾಡಿದೊಡನೆಯೇ, ಲೋಕದಲ್ಲಿ ಉಚಿತವಾವುದು, ಅನುಚಿತವಾವುದು ಎಂಬ ತನ್ನ ಮತವನ್ನು ಹೇಳಿಬಿಟ್ಟಂತೆ ಆಗುತ್ತದೆ. ಅಭಿನವಗುಪ್ತನು ಅನೌಚಿತ್ಯವನ್ನು ಹಾಸ್ಯಕ್ಕೆ ಕಾರಣವೆಂದು ಹೇಳಿರುವುದರಲ್ಲಿ ಈ ಅರ್ಥವು ಗರ್ಭಿತವಾಗಿದೆ. ಆದುದರಿಂದ ಹಾಸ್ಯಕೃತಿಯ ವಿಮರ್ಶೆಯಲ್ಲಿ ಸಾಮಾಜಿಕರು ನಕ್ಕರೋ ಇಲ್ಲವೋ ಎಂಬುದು ಮೊದಲ ಪ್ರಶ್ನೆಯಷ್ಟೆ. ಕೃತಿಯು ತಾನೇ ತೋರಿಸಿಕೊಟ್ಟ ಅನೌಚಿತ್ಯಕ್ಕೂ ಕೊನೆಯಲ್ಲಿ ತಾನು ಬರಿಸಿದ ನಗೆಗೂ ಹೊಂದಿಕೆಯುಂಟೇ ಎಂಬುದು ಎರಡನೆಯ ಪ್ರಶ್ನೆ, ಮತ್ತು ಅದೇ ಮುಖ್ಯವಾದುದು.

ಉದ್ಯೋಗ, ಸಂಸಾರ ಎರಡನ್ನೂ ಒಂದೇ ಕೈಯಲ್ಲಿ ತೂಗಿಸಬೇಕಾದವರ ಪಾಡನ್ನು ವಸ್ತುವಾಗಿ ಉಳ್ಳ ಹಾಸ್ಯಚಿತ್ರಗಳಲ್ಲಿ ಈ ಎರಡನೆಯ ಪ್ರಶ್ನೆ ವಿಶೇಷವಾಗಿ ಏಳುವುದು. ಅಂಥ ಚಿತ್ರಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದುದೊಂದು ೧೯೪೨ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ವುಮನ್ ಆಫ್ ದಿ ಇಯರ್’, ಎಂದರೆ ‘ವರ್ಷದ ಮಹಿಳೆ’. ಇದರ ಮೊದಲ ಮೂರು ಪಾಲು ಹಾಸ್ಯದ ಔಚಿತ್ಯಕ್ಕೆ ಒಳ್ಳೆಯ ನಿದರ್ಶನ. ಕೊನೆಯ ಪಾಲು ಆ ಔಚಿತ್ಯವು ತಪ್ಪಿದುದಕ್ಕೆ ಅಷ್ಟೇ ಒಳ್ಳೆಯ ನಿದರ್ಶನ. ಒಂದೇ ಕೃತಿಯಲ್ಲಿ ಎರಡೂ ದೊರೆಯುವುದರಿಂದ ಅದು ಪರಿಶೀಲನೆಗೆ ಅರ್ಹವಾಗಿದೆ.

೨

ಈ ಚಿತ್ರವನ್ನು ನಿರ್ಮಿಸಿದುದು ಮೆಟ್ರೊ-ಗೋಲ್ಡ್ವಿನ್-ಮೇಯರ್ ಸಂಸ್ಥೆ. ನಿರ್ದೇಶಕ ಜಾರ್ಜ್ ಸ್ಟೀವನ್ಸ್. ನಿರ್ಮಾಪಕ ಜೋಸೆಫ್ ಮ್ಯಾಂಕೀವಿಚ್. ಕಥೆ ಸಂಭಾಷಣೆಗಳನ್ನು ರಚಿಸಿದವರು ಕಿರಿಯ ರಿಂಗ್ ಲಾರ್ಡ್ನರ್ ಮತ್ತು ಮೈಕೇಲ್ ಕ್ಯಾನಿನ್. ಆ ರಚನೆಗೆ ಅವರಿಗೆ ಅಕಾಡೆಮಿ ಪ್ರಶಸ್ತಿ ಬಂದಿತು. ನಾಯಿಕೆಯಾಗಿ ಕ್ಯಾಥರೀನ್ ಹೆಪ್‌ಬರ್ನ್, ನಾಯಕನಾಗಿ ಸ್ಪೆನ್ಸರ್ ಟ್ರೇಸಿ ನಟಿಸಿದ್ದಾರೆ. ೧೯೬೭ರವರೆಗೆ ಇವರಿಬ್ಬರೂ ಕೂಡಿ ನಟಿಸಿದ ಒಂಬತ್ತು ಚಿತ್ರಗಳಲ್ಲಿ ಇದೇ ಮೊದಲನೆಯದು.

ನಾಯಿಕೆ ಟೆಸ್ ಹಾರ್ಡಿಂಗ್ ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ರಾಜಕೀಯ ಲೇಖನಗಳನ್ನು ಬರೆಯುವವಳು; ಹಲವು ಭಾಷೆಗಳನ್ನು ಬಲ್ಲವಳು; ದೇಶವಿದೇಶಗಳ ಮುತ್ಸದ್ದಿಗಳ ಸ್ನೇಹವುಳ್ಳವಳು. ಪತ್ರಿಕಾಕರ್ತೆ ಡೊರೊತಿ ಥಾಮ್ಸನ್ನರ ನೆರಳು ಈ ಪಾತ್ರದ ಮೇಲೆ ಬಿದ್ದಿರುವುದು ಪ್ರಸಿದ್ಧವಾದ ಸಂಗತಿ. ೧೯೩೪ರಲ್ಲಿ ಹಿಟ್ಲರನ ಜರ್ಮನಿಯಿಂದ ಹೊರದೂಡಲ್ಪಟ್ಟ ಆಕೆ ಆ ಕಾಲದ ಅಮೆರಿಕದಲ್ಲಿ ಅತ್ಯಂತ ಪ್ರಭಾವಶಾಲಿಗಳಾದ ಮಹಿಳೆಯರಲ್ಲಿ ಒಬ್ಬರಾಗಿದ್ದರು. ಅಂಥ ಸ್ತ್ರೀಯನ್ನು ಹಾಸ್ಯದ ನಾಯಿಕೆಯನ್ನಾಗಿ ಮಾಡಿದುದು ಲೇಖಕರ ಧೈರ್ಯವೇ ಸರಿ.

ನಾಯಕ ಸ್ಯಾಮ್ ಕ್ರೇಗ್ ಅದೇ ಪತ್ರಿಕೆಯಲ್ಲಿ ಆಟಪಾಟಗಳ ವರದಿಗಾರ. ಯುದ್ಧವು ಮುಗಿಯುವವರೆಗೂ ಬೇಸ್‌ಬಾಲ್ ಆಟವನ್ನು ನಿಲ್ಲಿಸಬೇಕೆಂದು ಟೆಸ್ ಆಕಾಶವಾಣಿಯಲ್ಲಿ ಹೇಳಿದ ಮಾತು ಅವನನ್ನು ಕೆರಳಿಸುತ್ತದೆ. ಅವನು ತನ್ನ ಅಂಕಣದಲ್ಲಿ ಉತ್ತರ ಕೊಡುತ್ತಾನೆ. ಅವಳು ಪ್ರತ್ಯುತ್ತರ ಕೊಡುತ್ತಾಳೆ. ಒಂದೇ ಪತ್ರಿಕೆಯಲ್ಲಿ ನಡೆದ ಈ ಕಲಹವನ್ನು ನಿಲ್ಲಿಸಲು ಸಂಪಾದಕನು ಇಬ್ಬರನ್ನೂ ಕರೆಸಿದಾಗ ಅವರ ಪರಿಚಯವಾಗಿ, ಪರಿಚಯವು ಪ್ರೇಮಕ್ಕೆ ತಿರುಗುವುದು.

ಈ ಭಾಗದ ಎರಡು ದೃಶ್ಯಗಳು ಚಿತ್ರದ ಅಳತೆಗೋಲನ್ನು ನಿಶ್ಚಯಿಸಿಕೊಡುತ್ತವೆ. ಒಂದರಲ್ಲಿ ಸ್ಯಾಮ್ ಟೆಸ್‌ಳನ್ನು ಆಟದ ಬಯಲಿಗೆ ಕರೆದೊಯ್ಯುತ್ತಾನೆ. ಹೆಂಗಸರಿಗೆ ಪ್ರವೇಶವಿಲ್ಲದ ವರದಿಗಾರರ ಕಟ್ಟೆಯಲ್ಲಿ, ದೊಡ್ಡದೊಂದು ಟೋಪಿಯನ್ನು ಧರಿಸಿ ಹಿಂದಿನವರ ನೋಟಕ್ಕೆ ಅಡ್ಡವಾಗಿ ಕುಳಿತು, ಜಗತ್ತಿನ ರಾಜಕಾರಣವನ್ನೆಲ್ಲ ಬಲ್ಲ ಆಕೆ ಮಕ್ಕಳು ಸಹ ಬಲ್ಲ ಆಟದ ನಿಯಮಗಳನ್ನು ಕೇಳಿ ತಿಳಿದುಕೊಳ್ಳುತ್ತಾಳೆ. ಇನ್ನೊಂದರಲ್ಲಿ ಟೆಸ್‌ಳ ಮನೆಯ ಸಂತೋಷಕೂಟಕ್ಕೆ ಸ್ಯಾಮ್ ಬರುತ್ತಾನೆ. ಅಲ್ಲಿ ನಾನಾ ದೇಶದವರು ನಾನಾ ಭಾಷೆಗಳಲ್ಲಿ ಮಾತನಾಡುತ್ತಿರಲಾಗಿ, ಊರೆಲ್ಲ ಬಲ್ಲ ವರದಿಗಾರನು ಮಾತಿಗೆ ಜೊತೆಯಿಲ್ಲದೆ ಅಲೆಯುತ್ತಾನೆ. ಒಂದರಲ್ಲಿ ಅವಳ ಅಜ್ಞಾನ, ಇನ್ನೊಂದರಲ್ಲಿ ಅವನದು. ನಗೆ ಎರಡು ಕಡೆಗೂ ಸಮನಾಗಿ ಹಂಚಿಹೋಗಿದೆ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯವನ್ನು ಆರು ಬಗೆಯಾಗಿ ವಿಂಗಡಿಸಿ, ಸ್ಮಿತ ಹಸಿತಗಳನ್ನು ಉತ್ತಮರಿಗೂ, ವಿಹಸಿತ ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಹೇಳಿರುವನಷ್ಟೆ. ಆ ಗಣನೆಯಂತೆ ಈ ದೃಶ್ಯಗಳ ನಗೆ ಸ್ಮಿತ ಹಸಿತಗಳ ಮೇರೆಯನ್ನು ಮೀರುವುದಿಲ್ಲ. ನಗಿಸಿಕೊಂಡವರ ಗೌರವಕ್ಕೆ ಅಲ್ಲಿ ಕುಂದಿಲ್ಲ.

೩

ವಿವಾಹದ ಬಳಿಕ ವಸ್ತುವು ಗಾಢವಾಗುತ್ತದೆ. ಮದುವೆಯೇ ಟೆಸ್‌ಳ ತಂದೆಯ ಬಿಡುವನ್ನು ನೋಡಿಕೊಂಡು ಅವಸರದಲ್ಲಿ ಮುಗಿದುಹೋಗುತ್ತದೆ. ಪ್ರತಿಜ್ಞಾವಚನಗಳನ್ನು ಮನಸ್ಸಿಟ್ಟು ಕೇಳುವಷ್ಟು ವ್ಯವಧಾನವೂ ಇರುವುದಿಲ್ಲ. ಮೊದಲ ರಾತ್ರಿ ನಾಟ್ಸಿಗಳ ಕೈಯಿಂದ ತಪ್ಪಿಸಿಕೊಂಡು ಬಂದ ಯುಗೊಸ್ಲಾವಿಯದ ಮುತ್ಸದ್ದಿಯೊಬ್ಬನು ತನ್ನ ಪರಿವಾರದೊಡನೆ ಮನೆಯನ್ನು ಹೊಗುತ್ತಾನೆ. ಸ್ಯಾಮ್ ಸೇಡಿಗಾಗಿ ತನ್ನ ಗೆಳೆಯರನ್ನು ಕರೆಸಿ ಮನೆಯನ್ನು ಮತ್ತಷ್ಟು ತುಂಬಿಸುತ್ತಾನೆ. ಯಜಮಾನಿಯ ಹೊತ್ತುಗೊತ್ತುಗಳನ್ನೆಲ್ಲ ಕಾರ್ಯದರ್ಶಿಯಾದ ಜೆರಾಲ್ಡನು ನಿಯಮಿಸುವನು. ಗಂಡನೂ ಆ ನಿಯಮದ ಒಳಗೆ ಎಡೆಯನ್ನು ಹುಡುಕಿಕೊಳ್ಳಬೇಕು. ಇಲ್ಲಿಯ ಹಾಸ್ಯವೂ ಉಚಿತವಾದುದೇ. ಏಕೆಂದರೆ ನಗೆಗೆ ಗುರಿಯಾದುದು ಸ್ತ್ರೀಯು ಉದ್ಯೋಗದಲ್ಲಿರುವುದಲ್ಲ. ಹತ್ತು ದೇಶಗಳ ಸಂಕಟವನ್ನು ಕಾಣಬಲ್ಲ ಕಣ್ಣಿಗೆ ಪಕ್ಕದಲ್ಲಿರುವ ಒಬ್ಬನ ಇಷ್ಟಾನಿಷ್ಟಗಳು ಕಾಣದಿರುವುದು. ಈ ಅನೌಚಿತ್ಯವು ನಿಜವಾದುದು, ಮತ್ತು ಸ್ತ್ರೀಪುರುಷರಿಬ್ಬರಿಗೂ ಸಂಭವಿಸತಕ್ಕದ್ದು.

ಈ ಅನೌಚಿತ್ಯವು ತುದಿಮುಟ್ಟುವುದು ಕ್ರಿಸ್ ಎಂಬ ಬಾಲಕನ ಪ್ರಕರಣದಲ್ಲಿ. ಒಂದು ದಿನ ಟೆಸ್ ಮಗುವಿನ ಮಾತನ್ನು ಎತ್ತುತ್ತಾಳೆ. ಅವಳು ಗರ್ಭಿಣಿಯೆಂದು ಭಾವಿಸಿ ಸ್ಯಾಮ್ ಸಂತೋಷದಿಂದ ಹಿಗ್ಗುತ್ತಾನೆ. ಆಗ ಅವನ ಮುಂದೆ ಬಂದು ನಿಲ್ಲುವವನು ಗ್ರೀಸಿನಿಂದ ಬಂದ ನಿರಾಶ್ರಿತ ಬಾಲಕ. ಗಂಡನನ್ನು ಒಂದು ಮಾತು ಕೇಳದೆ ಅವಳು ಅವನನ್ನು ಸಾಕುಮಗನಾಗಿ ತಂದಿರುತ್ತಾಳೆ. ಈ ದೃಶ್ಯದಲ್ಲಿ ನಗೆ ಬರುವುದು ನಿಜ. ಆದರೆ ಆ ನಗೆಯ ಬೆನ್ನಿಗೇ ಒಂದು ಕಳವಳವಿದೆ. ಲೋಕೋಪಕಾರದ ಒಂದು ಕಾರ್ಯವನ್ನು ಮಾಡುವಂತೆ ಟೆಸ್ ಮನೆಗೆ ಮಗುವನ್ನು ತಂದಿದ್ದಾಳೆ. ಕಾರ್ಯವು ಮುಗಿಯಿತು, ಮಗು ಉಳಿಯಿತು.

ಅದೇ ಸಮಯಕ್ಕೆ ಅವಳನ್ನು ಅಮೆರಿಕದ ಆ ವರ್ಷದ ಅಗ್ರಗಣ್ಯ ಮಹಿಳೆಯೆಂದು ಆರಿಸುತ್ತಾರೆ. ಸನ್ಮಾನದ ರಾತ್ರಿ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಸ್ಯಾಮ್ ಸಮಾರಂಭಕ್ಕೆ ಬರಲೊಪ್ಪುವುದಿಲ್ಲ. ಅವಳು ಹೊರಡುತ್ತಾಳೆ. ಅವಳು ಸನ್ಮಾನವನ್ನು ಸ್ವೀಕರಿಸುತ್ತಿರುವಾಗ ಅವನು ಬಾಲಕನನ್ನು ಅನಾಥಾಲಯಕ್ಕೆ ಹಿಂದಿರುಗಿಸಿಬಿಡುತ್ತಾನೆ. ಮುಂದೆ ಟೆಸ್ ಮಗುವನ್ನು ಮರಳಿ ಕರೆತರಲು ಹೋದಾಗ ಕ್ರಿಸ್ ಅವಳೊಡನೆ ಬರಲೊಲ್ಲದೆ ತನ್ನ ಗೆಳೆಯರ ಬಳಿಯಲ್ಲಿಯೇ ಉಳಿಯುತ್ತಾನೆ.

ಚಿತ್ರದ ಅತ್ಯುತ್ತಮವಾದ ಸ್ಥಳ ಇದು. ಇಲ್ಲಿ ನಗೆಯಿಲ್ಲ; ಇರತಕ್ಕದ್ದೂ ಅಲ್ಲ. ಇಬ್ಬರು ದೊಡ್ಡವರು ತನ್ನನ್ನು ಕೇಳದೆ ತಂದರು, ಕೇಳದೆ ಕಳುಹಿಸಿದರು; ಆ ಬಾಲಕನ ಪಾಲಿಗೆ ಬಂದ ಒಂದೇ ಒಂದು ನಿರ್ಧಾರವೆಂದರೆ ಬರುವುದಿಲ್ಲವೆನ್ನುವುದು. ಉದ್ಯೋಗ, ಸಂಸಾರಗಳ ತೂಕದ ಲೆಕ್ಕದಲ್ಲಿ ತಕ್ಕಡಿಯನ್ನು ಹಿಡಿದವರ ಪೇಚಾಟವನ್ನು ಎಲ್ಲರೂ ಬಣ್ಣಿಸುವರು. ತಕ್ಕಡಿಯಲ್ಲಿ ಕುಳಿತಿರುವ ಮಗುವಿನ ಕಡೆಯಿಂದ ಆ ಲೆಕ್ಕವನ್ನು ನೋಡಿದುದು ಈ ಕೃತಿಯ ಹಿರಿಮೆ.

೪

ಇಷ್ಟು ದೂರ ನಡೆದುಬಂದ ಕಥೆ ಮುಗಿಯುವುದು ಹೇಗೆ? ಟೆಸ್‌ಳ ಸೋದರತ್ತೆಯ ಸಮಾನಳಾದ ಎಲೆನ್ ಸ್ತ್ರೀಯರ ಹಕ್ಕುಗಳಿಗಾಗಿ ದುಡಿದು ಪ್ರಸಿದ್ಧಳಾದವಳು. ಅವಳು ತನ್ನ ಏಕಾಂತಜೀವನಕ್ಕೆ ಬೇಸತ್ತು ಟೆಸ್‌ಳ ತಂದೆಯನ್ನು ಮದುವೆಯಾಗುತ್ತಾಳೆ. ಆ ವಿವಾಹದಲ್ಲಿ ಉಚ್ಚರಿಸಿದ ಪ್ರತಿಜ್ಞಾವಚನಗಳನ್ನು ಟೆಸ್ ಮೊದಲ ಬಾರಿಗೆ ಮನಸ್ಸಿಟ್ಟು ಕೇಳಿ ಕಣ್ಣೀರಿಡುತ್ತಾಳೆ. ತನ್ನ ಮದುವೆಯಲ್ಲಿ ಅವಸರದಿಂದ ಕೇಳದೆಹೋದ ಮಾತುಗಳನ್ನು ಇನ್ನೊಬ್ಬರ ಮದುವೆಯಲ್ಲಿ ಕೇಳಿದಳೆಂಬುದು ಒಳ್ಳೆಯ ಸಂವಿಧಾನ. ಇಲ್ಲಿ ಹೆಪ್‌ಬರ್ನಳ ಮುಖದ ಮೇಲೆ ಮೂಡುವ ಭಾವಗಳು ಮಾತಿನ ಸಹಾಯವಿಲ್ಲದೆ ಪಶ್ಚಾತ್ತಾಪವನ್ನು ತಿಳಿಸುತ್ತವೆ.

ಆದರೆ ಇದಾದಮೇಲೆ ಅವಳು ಮುಂಜಾನೆ ಸ್ಯಾಮ್ ಇರುವ ಮನೆಗೆ ಬಂದು, ಅವನು ಮಲಗಿರುವಾಗಲೇ ಅಡುಗೆಮನೆಯನ್ನು ಹೊಕ್ಕು ಬೆಳಗಿನ ತಿಂಡಿಯನ್ನು ಸಿದ್ಧಮಾಡಲು ತೊಡಗುತ್ತಾಳೆ. ಕಾಫಿ ಉಕ್ಕುತ್ತದೆ, ರೊಟ್ಟಿ ಸುಡುವ ಯಂತ್ರದಿಂದ ತುಂಡುಗಳು ಹಾರುತ್ತವೆ, ಅಚ್ಚಿನಲ್ಲಿ ಹೊಯ್ದು ಬೇಯಿಸುವ ‘ವಾಫಲ್’ ಎಂಬ ತಿಂಡಿಯ ಹಿಟ್ಟು ಉಬ್ಬಿ ಅಚ್ಚನ್ನು ಮೀರಿ ಹೊರಕ್ಕೆ ಸುರಿಯುತ್ತದೆ. ಸ್ಯಾಮ್ ಎದ್ದು ಬಂದು ಇದನ್ನೆಲ್ಲ ನಿಂತು ನೋಡುತ್ತಾನೆ. ಉದ್ಯೋಗವನ್ನು ಬಿಟ್ಟು ಬರಿಯ ಗೃಹಿಣಿಯಾಗಿ ಇರುವೆನೆಂದು ಅವಳು ಹೇಳುತ್ತಾಳೆ. ಅವನು ಅದಕ್ಕೆ ಒಪ್ಪುವುದಿಲ್ಲ. ಟೆಸ್ ಹಾರ್ಡಿಂಗ್ ಮಾತ್ರವೇ ಆಗಿರುವುದೂ ಬೇಡ, ಸ್ಯಾಮ್ ಕ್ರೇಗನ ಹೆಂಡತಿ ಮಾತ್ರವೇ ಆಗಿರುವುದೂ ಬೇಡ, ಎರಡೂ ಹೆಸರುಗಳನ್ನು ಕೂಡಿಸಿಕೊಂಡು ಬಾಳಬಾರದೇಕೆ ಎಂಬುದು ಅವನ ಮಾತಿನ ಸಾರ. ಅಷ್ಟರಲ್ಲಿ ಹೊಸ ಹಡಗೊಂದನ್ನು ನೀರಿಗಿಳಿಸುವ ಸಮಾರಂಭಕ್ಕೆ ಕರೆಯಬಂದ ಜೆರಾಲ್ಡನನ್ನು ಸ್ಯಾಮ್ ಹೊರಕ್ಕೆ ಕರೆದೊಯ್ದು, ಹಡಗಿಗೆ ಒಡೆಯಬೇಕಾಗಿದ್ದ ಸೀಸೆಯ ಪ್ರಯೋಗವನ್ನು ಅವನ ಮೇಲೆ ಮಾಡಿ ಬರುತ್ತಾನೆ. ಚಿತ್ರ ಮುಗಿಯುತ್ತದೆ.

ಈ ಕೊನೆ ಮೂಲಲೇಖಕರದಲ್ಲ. ಬಿಡುಗಡೆಗೆ ಮುಂಚಿನ ಪರೀಕ್ಷಾರ್ಥ ಪ್ರದರ್ಶನದ ಬಳಿಕ ಮೊದಲಿನ ಮುಕ್ತಾಯವನ್ನು ತೆಗೆದುಹಾಕಿ, ಜಾನ್ ಲೀ ಮಾಹಿನ್ ಎಂಬ ಬೇರೊಬ್ಬ ಲೇಖಕನಿಂದ ಬರೆಸಿ ಇದನ್ನು ಹೊಸದಾಗಿ ಚಿತ್ರಿಸಿದರು. ಲಾರ್ಡ್ನರ್ ಮತ್ತು ಕ್ಯಾನಿನ್ನರಿಗೆ ಈ ಬದಲಾವಣೆ ಸಮ್ಮತವಾಗಿರಲಿಲ್ಲ. ಕೃತಿಯು ಎರಡು ಮತಗಳಲ್ಲಿ ಸೀಳಿರುವುದಕ್ಕೆ ಹೊರಗಿನ ಕಾರಣ ಇದು. ಆದರೆ ವಿಮರ್ಶೆಗೆ ಹೊರಗಿನ ಕಾರಣ ಸಾಲದು. ಸೀಳು ಕೃತಿಯೊಳಗೆ ಎಲ್ಲಿದೆಯೆಂಬುದನ್ನು ತೋರಿಸಬೇಕು.

೫

ಮೊದಲನೆಯದಾಗಿ, ಕೊನೆಯ ದೃಶ್ಯದ ಪರೀಕ್ಷೆ ಪ್ರಕೃತವಾದ ದೋಷಕ್ಕೆ ಸಂಬಂಧಪಟ್ಟುದಲ್ಲ. ಟೆಸ್‌ಳ ಮನೆಯಲ್ಲಿ ಅವಳಿಗೆ ಅಡುಗೆ ಬಾರದೆಂದು ಯಾರೂ ಹಸಿದಿರಲಿಲ್ಲ, ಮನೆವಾರ್ತೆಗೆ ಆಳುಗಳಿದ್ದರು. ಕೊರತೆಯಿದ್ದುದು ಮನಸ್ಸಿನ ಸನ್ನಿಧಾನಕ್ಕೆ. ಗಂಡನ ಮಾತನ್ನು ಕೇಳದೆಹೋದುದು, ಮಗುವಿನ ಒಂಟಿತನವನ್ನು ಕಾಣದೆಹೋದುದು, ಇವು ಅವಳ ದೋಷಗಳು. ಕಾಫಿಯನ್ನು ಸರಿಯಾಗಿ ಕಾಯಿಸಬಲ್ಲವಳಾಗಿದ್ದರೂ ಅವು ದೋಷಗಳೇ. ಕಾಯಿಸಲಾರದವಳಾದರೂ ಅವನ್ನು ತಿದ್ದಿಕೊಳ್ಳಬಹುದು. ಹೀಗಿರಲು ನಗೆಯ ಆಲಂಬನವನ್ನು ಅನವಧಾನದಿಂದ ಕಿತ್ತು ಅಡುಗೆಯ ಅಜ್ಞಾನದ ಮೇಲೆ ಇಟ್ಟುದು ಅಪ್ರಕೃತವಾಯಿತು. ಮೊದಲು ಕಾಣಿಸಿದ ಅನೌಚಿತ್ಯವು ಮನುಷ್ಯಮಾತ್ರರದು. ಕೊನೆಯಲ್ಲಿ ನಗೆಗೀಡಾದುದು ಸ್ತ್ರೀಗೆ ಮಾತ್ರ ವಿಧಿಸಿದ ಒಂದು ಕೌಶಲದ ಅಭಾವ.

ಎರಡನೆಯದಾಗಿ, ಒಂದೇ ತೆರನಾದ ಎರಡು ತಪ್ಪುಗಳಿಗೆ ಎರಡು ತೆರನಾದ ನ್ಯಾಯ ದೊರೆತಿದೆ. ಗಂಡನನ್ನು ಕೇಳದೆ ಟೆಸ್ ಮಗುವನ್ನು ತಂದಳು. ಹೆಂಡತಿಯನ್ನು ಕೇಳದೆ ಸ್ಯಾಮ್ ಮಗುವನ್ನು ಬಿಟ್ಟುಬಂದನು. ಎರಡು ಕಾರ್ಯಗಳೂ ಒಂದೇ ಅಚ್ಚಿನವು. ಮೊದಲನೆಯದನ್ನು ಚಿತ್ರವು ನಗೆಗೆ ಒಡ್ಡಿ ಪಶ್ಚಾತ್ತಾಪದವರೆಗೂ ಒಯ್ಯುತ್ತದೆ. ಎರಡನೆಯದನ್ನು ವಿವೇಕವೆಂದು ಅಂಗೀಕರಿಸಿ ಸುಮ್ಮನಾಗುತ್ತದೆ. ಪತ್ರಿಕೆಯ ಕೆಲಸ ಸ್ಯಾಮನಿಗೂ ಉಂಟು. ಅದನ್ನೂ ಮನೆಯನ್ನೂ ಹೇಗೆ ತೂಗಿಸುವೆಯೆಂದು ಅವನನ್ನು ಕೇಳುವವರಿಲ್ಲ. ಬೇಸ್‌ಬಾಲ್ ಬಯಲಿನಲ್ಲಿಯೂ ಸಂತೋಷಕೂಟದಲ್ಲಿಯೂ ಸಮನಾಗಿ ಹಂಚಿದ್ದ ನಗೆ ಇಲ್ಲಿ ಒಂದೇ ಮಗ್ಗುಲಿಗೆ ವಾಲಿದೆ.

ಮೂರನೆಯದಾಗಿ, ಕೊನೆಯ ದೃಶ್ಯದಲ್ಲಿ ಮಾತಿಗೂ ಕ್ರಿಯೆಗೂ ವಿರೋಧವಿದೆ. ಸ್ಯಾಮನ ಮಾತು ಉದಾರವಾದುದು. ಚಿತ್ರವು ಎತ್ತಿದ ಪ್ರಶ್ನೆಗೆ ಯೋಗ್ಯವಾದ ಉತ್ತರವೂ ಹೌದು. ಆದರೆ ಆ ಉತ್ತರವು ಬರುವುದು ಅವಳು ಸಂಪೂರ್ಣವಾಗಿ ಸೋತುಹೋದ ಮೇಲೆ. ಸೋತವಳಿಗೆ ಗೆದ್ದವನು ಕೊಟ್ಟ ಅನುಗ್ರಹದಂತೆ ಅದು ಕೇಳಿಸುತ್ತದೆ. ಇಬ್ಬರು ಕೂಡಿ ಕಂಡುಕೊಳ್ಳಬೇಕಾಗಿದ್ದ ಒಪ್ಪಂದವು ಒಬ್ಬನ ಔದಾರ್ಯವಾಯಿತು. ಸೀಸೆಯ ಪ್ರಹಾರಕ್ಕೆ ಈಡಾದವನು ಕಾರ್ಯದರ್ಶಿಯಾದರೂ ಅವನು ಟೆಸ್‌ಳ ಉದ್ಯೋಗದ ಪ್ರತಿನಿಧಿಯೆಂಬುದನ್ನು ಮರೆಯುವಂತಿಲ್ಲ. ಬಾಯಲ್ಲಿ ಎರಡನ್ನೂ ಇಟ್ಟುಕೋ ಎಂದವನು ಕೈಯಲ್ಲಿ ಒಂದನ್ನು ಬಾಗಿಲಾಚೆಗೆ ಹಾಕಿ ಬಂದಂತಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಆ ಅಡುಗೆಮನೆಯಲ್ಲಿ ಕ್ರಿಸ್ ಇಲ್ಲ. ಜಗಳವನ್ನು ಮುಗಿಸಿದ ಕೃತಿಯು ಜಗಳಕ್ಕೆ ಕಾರಣವಾದ ಮಗುವನ್ನು ಹಿಂದೆಯೇ ಬಿಟ್ಟುಬಂದಿದೆ.

೬

ಇದಕ್ಕೆ ಪೂರ್ವಪಕ್ಷವಿಲ್ಲದಿಲ್ಲ. ಸ್ಟೀವನ್ಸ್ ನಿರ್ದೇಶಕನಾಗುವ ಮೊದಲು ಲಾರೆಲ್ ಮತ್ತು ಹಾರ್ಡಿಯರ ಕಿರುಚಿತ್ರಗಳಿಗೆ ಛಾಯಾಗ್ರಾಹಕನಾಗಿದ್ದವನು. ಜಡವಸ್ತುಗಳು ಮನುಷ್ಯನ ಮೇಲೆ ದಂಗೆಯೇಳುವ ಬಗೆಯ ಹಾಸ್ಯ ಅವನಿಗೆ ಕರತಲಾಮಲಕ. ಅಡುಗೆಮನೆಯ ದೃಶ್ಯವು ಆ ಪರಂಪರೆಗೆ ಸೇರಿದುದು. ಅಲ್ಲಿ ನಗೆಗೆ ಗುರಿಯಾದುದು ಟೆಸ್ ಅಲ್ಲ, ಆದರ್ಶಗೃಹಿಣಿ ಎಂಬ ಕಲ್ಪನೆಯೇ. ಅಷ್ಟು ಬುದ್ಧಿವಂತಳು ಆ ಕಲ್ಪನೆಯ ಅಚ್ಚಿನಲ್ಲಿ ತನ್ನನ್ನು ಹೊಯ್ದುಕೊಳ್ಳಲು ಹೋದುದೇ ಅಲ್ಲಿಯ ಅನೌಚಿತ್ಯ ಎಂದು ಹೇಳಬಹುದು. ಈ ವಾದದಲ್ಲಿ ಸತ್ತ್ವವಿದೆ. ಹೆಪ್‌ಬರ್ನಳ ಅಭಿನಯದ ಕಾಲಜ್ಞಾನವೂ ದೃಶ್ಯದ ನಿಧಾನವಾದ ಏರಿಕೆಯೂ ಪ್ರಶಂಸೆಗೆ ತಕ್ಕುವು. ಸ್ಯಾಮನ ಮಾತೂ ಈ ವಾದಕ್ಕೆ ಬೆಂಬಲವಾಗಿದೆ.

ಆದರೂ ಈ ಸಮಾಧಾನ ಪೂರ್ಣವಾಗದು. ಲಾರೆಲ್ ಹಾರ್ಡಿಯರ ಅವಸ್ಥೆಯಲ್ಲಿ ಸಾಮಾಜಿಕರು ಅವರೊಡನೆ ಇರುತ್ತಾರೆ. ಅವರನ್ನು ಅಳೆಯುವವರು ಚಿತ್ರದೊಳಗೆ ನಿಂತಿರಬೇಕಾಗಿಲ್ಲ. ಇಲ್ಲಿ ಸ್ಯಾಮ್ ನೋಡುತ್ತ ನಿಂತಿರುವುದರಿಂದ ಸಾಮಾಜಿಕರೂ ಅವನ ಪಕ್ಕದಲ್ಲಿ ನಿಂತು ನೋಡುವಂತಾಗುತ್ತದೆ. ನೋಡುವವನು ಪರೀಕ್ಷಕ, ನೋಡಿಸಿಕೊಳ್ಳುವವಳು ಪರೀಕ್ಷಿತೆ. ಸ್ಮಿತದಿಂದ ಮೊದಲಾದ ನಗೆ ಅಪಹಸಿತಕ್ಕೆ ಇಳಿಯುವುದು ಈ ಸ್ಥಾನಭೇದದಿಂದಲೇ ಹೊರತು ಉಕ್ಕಿದ ಕಾಫಿಯಿಂದಲ್ಲ.

ಬೇರೆ ಬಗೆಯ ಮುಕ್ತಾಯ ಸಾಧ್ಯವಿತ್ತೆಂಬುದಕ್ಕೆ ಇದೇ ನಟರಿಬ್ಬರ ೧೯೪೯ರ ಚಿತ್ರ ‘ಆಡಮ್ಸ್ ರಿಬ್’ ಸಾಕ್ಷಿಯಾಗಿದೆ. ಅದರ ನಿರ್ದೇಶಕ ಜಾರ್ಜ್ ಕ್ಯೂಕರ್. ಬರೆದವರು ರೂತ್ ಗಾರ್ಡನ್ ಮತ್ತು ಗಾರ್ಸನ್ ಕ್ಯಾನಿನ್. ಇವರಿಬ್ಬರು ದಂಪತಿಗಳು, ಗಾರ್ಸನ್ ಹಿಂದೆ ಹೇಳಿದ ಮೈಕೇಲ್ ಕ್ಯಾನಿನ್ನನ ಸೋದರ. ಅಲ್ಲಿ ಗಂಡಹೆಂಡಿರಿಬ್ಬರೂ ವಕೀಲರು. ವ್ಯಭಿಚಾರಿಯಾದ ಗಂಡನ ಮೇಲೆ ಗುಂಡು ಹಾರಿಸಿದ ಹೆಂಗಸೊಬ್ಬಳ ಮೊಕದ್ದಮೆಯಲ್ಲಿ ಅವನು ಸರಕಾರದ ಕಡೆ, ಅವಳು ಆಪಾದಿತೆಯ ಕಡೆ. ಹಗಲು ನ್ಯಾಯಾಲಯದಲ್ಲಿ ನಡೆದ ವಾದ ರಾತ್ರಿ ಮನೆಯನ್ನು ಹೊಕ್ಕು ಸಂಸಾರವನ್ನು ಒಡೆಯುವ ಮಟ್ಟಕ್ಕೆ ಬರುವುದು. ಕೊನೆಗೆ ಗಂಡನು ಪಿಸ್ತೂಲನ್ನು ಹಿಡಿದು ಬಂದು ಬೆದರಿಸುತ್ತಾನೆ. ಹಾಗೆ ಮಾಡಲು ಯಾರಿಗೂ ಹಕ್ಕಿಲ್ಲವೆಂದು ಅವಳ ಬಾಯಿಂದಲೇ ಹೊರಟೊಡನೆ, ಆ ಪಿಸ್ತೂಲು ಮಿಠಾಯಿಯದೆಂದು ತೋರಿಸಿ ತಿಂದುಬಿಡುತ್ತಾನೆ. ಅವಳ ನಗೆಪಾಟಲಿಗೆ ಕಾರಣವಾದುದು ಅವಳ ವಾದದಲ್ಲಿದ್ದ ಬಿರುಕು, ಅಡುಗೆಮನೆಯ ಅಜ್ಞಾನವಲ್ಲ. ಬಳಿಕ ಅವನ ಸರದಿಯೂ ಬರುತ್ತದೆ. ಅಳು ಹೆಂಗಸರ ಸಾಧನವೆಂದು ಹಳಿದಿದ್ದವನು ತಾನೇ ಕಣ್ಣೀರು ಸುರಿಸಿ ಅವಳನ್ನು ಕರಗಿಸಿದುದನ್ನು, ಆ ಕಣ್ಣೀರು ಬೇಕೆಂದೇ ಬರಿಸಿದುದೆಂಬುದನ್ನು ಒಪ್ಪಿಕೊಳ್ಳುತ್ತಾನೆ. ಅವನು ನ್ಯಾಯಾಧೀಶಪದವಿಗೆ ಒಂದು ಪಕ್ಷದಿಂದ ನಿಲ್ಲುವನೆಂದು ತಿಳಿದಾಗ ಅವಳು ಎದುರುಪಕ್ಷದಿಂದ ತಾನೂ ನಿಲ್ಲಬಹುದೇ ಎಂದು ಯೋಚಿಸುತ್ತಾಳೆ. ಅಲ್ಲಿ ಯಾರೂ ಉದ್ಯೋಗವನ್ನು ಬಿಡುವುದಿಲ್ಲ, ಯಾರೂ ಪೂರ್ಣವಾಗಿ ಗೆಲ್ಲುವುದಿಲ್ಲ. ಏಳು ವರ್ಷ ಹಿಂದಿನ ಚಿತ್ರವು ಅರ್ಧದಲ್ಲಿ ಕೈಬಿಟ್ಟ ಸಮತೆಯನ್ನು ಇದು ಕೊನೆಯವರೆಗೂ ಕಾಪಾಡಿಕೊಂಡಿದೆ. ಆದರೆ ಒಂದು ಮಾತು: ಈ ದಂಪತಿಗಳಿಗೆ ಮಗುವಿಲ್ಲ. ತಕ್ಕಡಿಯಲ್ಲಿ ಮಗು ಇಲ್ಲದಿದ್ದಾಗ ಸಮತೆ ಸುಲಭ. ಕಠಿನತರವಾದ ಪ್ರಶ್ನೆಯನ್ನು ಎತ್ತಿದುದು ಮೊದಲಿನ ಚಿತ್ರವೇ.

ಆದುದರಿಂದ ‘ವುಮನ್ ಆಫ್ ದಿ ಇಯರ್’ ಚಿತ್ರವನ್ನು ಅದರ ಮುಕ್ತಾಯದಿಂದ ಮಾತ್ರ ಅಳೆದು ತಳ್ಳಿಬಿಡುವುದು ನ್ಯಾಯವಲ್ಲ; ಮುಕ್ತಾಯವನ್ನು ಬರಿಯ ವಿನೋದವೆಂದು ಮನ್ನಿಸಿಬಿಡುವುದೂ ನ್ಯಾಯವಲ್ಲ. ೧೯೯೯ರಲ್ಲಿ ಇದನ್ನು ಅಮೆರಿಕದ ರಾಷ್ಟ್ರೀಯ ಚಿತ್ರಸಂಚಯಕ್ಕೆ ಸೇರಿಸಿಕೊಂಡಿದ್ದಾರೆ. ಆ ಮನ್ನಣೆ ಅದಕ್ಕೆ ಸಲ್ಲತಕ್ಕದ್ದೇ. ಉದ್ಯೋಗಕ್ಕೂ ಮನೆಗೂ ನಡುವೆ ಸಿಕ್ಕಿದವರನ್ನು ಕುರಿತು ನಗಿಸಹೊರಡುವ ಕೃತಿಕಾರರಿಗೆ ಅದರಿಂದ ತಿಳಿಯಬೇಕಾದುದು ಇಷ್ಟು: ಯಾವ ದೋಷದಿಂದ ಮನೆ ಮುರಿಯಿತೋ ಆ ದೋಷವೇ ಕೊನೆಯವರೆಗೂ ನಗೆಗೆ ಆಲಂಬನವಾಗಿರಬೇಕು, ಆ ದೋಷವು ಇಬ್ಬರಲ್ಲಿಯೂ ಇದ್ದರೆ ನಗೆಯೂ ಇಬ್ಬರಿಗೂ ಸಲ್ಲಬೇಕು. ಸಾಹಿತ್ಯವನ್ನು ಬೋಧಿಸುವವರು ಹಾಸ್ಯಪ್ರಕರಣಗಳನ್ನು ವಿದ್ಯಾರ್ಥಿಗಳ ಮುಂದಿಡುವಾಗ ನಗೆ ಎಲ್ಲಿ ಬಂತೆಂದು ಕೇಳಿ ನಿಲ್ಲಿಸದೆ, ಅದು ಯಾರ ಮೇಲೆ ಬಿತ್ತು, ಬೀಳತಕ್ಕದ್ದಾಗಿತ್ತೆ ಎಂದು ಮುಂದಿನ ಪ್ರಶ್ನೆಯನ್ನೂ ಕೇಳಿದರೆ ಈ ರಸಕ್ಕೆ ಸಲ್ಲಬೇಕಾದ ವಿಚಾರಗೌರವವು ಸಲ್ಲುವುದು.